ಕೃತಕ ಕಿಡ್ನಿ ಹುಡುಕ್ಕೊಂಡು ಹೋಗಿ ಹೊಟ್ಟೆಗೆ ಪೈಪ್ ಹಾಕಿಸ್ಕೊಂಡ ಕಥೆ

ಹೊಟ್ಟೆಗೆ ಪೈಪ್ ಹಾಕಿಸ್ಕೊಂಡು ಹೋದ ಸೋಮವಾರಕ್ಕೆ 6 ತಿಂಗಳಾಯ್ತು. ಅದಕ್ಕೆ ಮುಂಚೆ 13 ತಿಂಗಳು ಮಷಿನ್ ಡಯಾಲಿಸಿಸ್, ಅಂದ್ರೆ ಕೆಟ್ಟುಹೋದ ಕಿಡ್ನಿ ಬದಲು ಮಷಿನ್ನಲ್ಲಿ ರಕ್ತ ಸೋಸೋದು. ಇಷ್ಟು ದಿನದಲ್ಲಿ ಒಬ್ರೂ ಮೊದಲೇ ಹೇಳದೆ ನಾನೇ ಎಡವಿ ಬಿದ್ದು ತಿಳ್ಕೊಂಡ ವಿಷಯ ಬೇಜಾನ್ ಇದಾವೆ, ಅವನ್ನೆಲ್ಲ ಒಂದು ಕಡೆ ಬರೆದಿಟ್ರೆ ನಾಳೆ ಯಾರಾದ್ರೂ ರಾತ್ರಿ 2 ಗಂಟೆಗೆ ನಿದ್ದೆ ಬರದೆ ಮೊಬೈಲಲ್ಲಿ "ಡಯಾಲಿಸಿಸ್ ಬಿಟ್ಟು ಬೇರೆ ದಾರಿ" ಅಂತ ಹುಡುಕೋವಾಗ ಕಣ್ಣಿಗೆ ಬೀಳ್ಲಿ ಅಂತ ಬರೆಯೋಕೆ ಕೂತಿದೀನಿ. ನಾನೂ ಹಂಗೆ ಹುಡುಕಿದವಳೇ. ಡಾಕ್ಟರಲ್ಲ ನಾನು, ಖಾಸಗಿ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡೋಳು, ಹಾಗಾಗಿ ನಂಗಾಗಿದ್ದೇ ನಿಮಗೂ ಆಗುತ್ತೆ ಅಂತ ಅಂದ್ಕೋಬೇಡಿ.

ನಮ್ಮದು ತಿಪಟೂರು ಅರಸೀಕೆರೆ ಮಧ್ಯೆ ತೆಂಗಿನ ಸೀಮೆ. ವಯಸ್ಸು 41. ಯಜಮಾನ್ರದ್ದು ಸಣ್ಣ ಕೊಬ್ಬರಿ ವ್ಯಾಪಾರ. ಮಗಳು ಬಸುರಿನಲ್ಲಿದ್ದಾಗಲೇ ನಂಗೆ ಬಿಪಿ ಬಂದಿತ್ತು, ಹೆರಿಗೆ ಆದ್ಮೇಲೆ ಹೋಗುತ್ತೆ ಅಂದಿದ್ರು, ಹೋಯ್ತು ಅಂತ ನಾನೇ ತೀರ್ಮಾನ ಮಾಡ್ಕೊಂಡು 14 ವರ್ಷ ಒಂದ್ಸಲಾನೂ ಚೆಕ್ ಮಾಡಿಸ್ಲಿಲ್ಲ. ಕಾಲು ಊದ್ಕೊಳ್ಳೋದು, ಸುಸ್ತು, ಬಾಯಲ್ಲಿ ಒಂಥರಾ ಕಬ್ಬಿಣದ ರುಚಿ, ಇದಕ್ಕೆಲ್ಲ ರಕ್ತ ಕಮ್ಮಿ ಅಂತ ಟಾನಿಕ್ ಕುಡಿದಿದ್ದೇ ಕುಡಿದಿದ್ದು. ಕೊನೆಗೆ ಕ್ರಿಯಾಟಿನಿನ್ ಅಂತ ಕಿಡ್ನಿಯ ರಕ್ತಪರೀಕ್ಷೆ ಮಾಡಿಸಿದಾಗ 9.2, ಇರ್ಬೇಕಾದ್ದಕ್ಕಿಂತ ತುಂಬಾ ಜಾಸ್ತಿ. ಸ್ಕ್ಯಾನಲ್ಲಿ ಎರಡೂ ಕಿಡ್ನಿ ಕುಗ್ಗಿಹೋಗಿದಾವೆ, ಬಯಾಪ್ಸಿ ಮಾಡಿ ಪ್ರಯೋಜನ ಇಲ್ಲ ಅಂದ್ರು. ಮೂರನೇ ದಿನಕ್ಕೆ ಕುತ್ತಿಗೆಯ ರಕ್ತನಾಳಕ್ಕೆ ಕ್ಯಾತಿಟರ್ ಅನ್ನೋ ಪೈಪ್ ಹಾಕಿ ಡಯಾಲಿಸಿಸ್ ಶುರು. ಮೂವತ್ತು ದಾಟಿದವರು ವರ್ಷಕ್ಕೊಂದ್ಸಲ ಬಿಪಿ ನೋಡಿಸ್ಕೊಳ್ಳಿ, ಕ್ರಿಯಾಟಿನಿನ್ ಟೆಸ್ಟ್‌ಗೆ ಎಷ್ಟಾಗುತ್ತೆ ಮಹಾ, ಒಂದು ಊಟದ ದುಡ್ಡು.

ಮಷಿನ್ ಡಯಾಲಿಸಿಸ್ ಬಗ್ಗೆ ಜಾಸ್ತಿ ಹೇಳಲ್ಲ, ಮಾಡಿಸ್ಕೊಳ್ಳೋರಿಗೆ ಗೊತ್ತೇ ಇರುತ್ತೆ. ವಾರಕ್ಕೆ 3 ದಿನ, ಒಂದೊಂದ್ಸಲಕ್ಕೂ 4 ಗಂಟೆ. ನಮ್ಮೂರಿಂದ ಸೆಂಟರ್ 38 ಕಿಲೋಮೀಟರ್, ಬೆಳಗ್ಗೆ 5ರ ಬಸ್ಸು, ವಾಪಸ್ ಬರೋವಾಗ ತಲೆ ಕಿಟಕಿಗೆ ಒರಗಿಸ್ಕೊಂಡ್ರೆ ಊರು ಬಂದಾಗ ಕಂಡಕ್ಟರೇ ಎಬ್ಬಿಸ್ಬೇಕು. ಸೆಷನ್‌ಗೆ 1,500 ರೂಪಾಯಿ, ಅದನ್ನ ನಮ್ಮ ಇನ್ಶೂರೆನ್ಸ್ ಕೊಡ್ತಿತ್ತು. ಬಿಪಿಎಲ್ ಕಾರ್ಡ್ ಇರೋರಿಗೆ ಸರ್ಕಾರಿ ಆಸ್ಪತ್ರೇಲಿ ಫ್ರೀ ಇದೆ, 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಅದು, ಮೊದಲು ಅದನ್ನ ವಿಚಾರಿಸಿ, ನಮ್ಮ ಥರ ಗೊತ್ತಿಲ್ಲದೆ ಖಾಸಗಿ ಸೆಂಟರ್‌ಗೆ ಓಡ್ಬೇಡಿ. ಕಾರ್ಡ್ ಇಲ್ಲ ಅಂದ್ರೂ ಕೇಳಿ ನೋಡಿ.

ನೋವಿಗಿಂತ ಜಾಸ್ತಿ ಸಂಕಟ ಆಗಿದ್ದು ಊಟದ್ದು. ದಿನಕ್ಕೆ ಒಂದು ಲೀಟರ್ ನೀರು, ಅದ್ರಲ್ಲೇ ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗೋ ನೀರು ಎಲ್ಲಾ. ಪೊಟ್ಯಾಶಿಯಂ ಏರುತ್ತೆ ಅಂತ ಬಾಳೆಹಣ್ಣಿಲ್ಲ, ಆಲೂಗಡ್ಡೆ ಇಲ್ಲ, ಎಳನೀರಂತೂ ಕೇಳೋ ಹಾಗೇ ಇಲ್ಲ. ತರಕಾರಿ ಸೊಪ್ಪು ಎಲ್ಲ ಬೇಯಿಸಿ, ಆ ನೀರು ಬಸಿದು ಚೆಲ್ಲಿ ತಿನ್ನಿ ಅಂದ್ರು. ನಮ್ಮತ್ತೆಗೆ ಇದು ಅರ್ಥಾನೇ ಆಗ್ಲಿಲ್ಲ, ಬಸಿದ ನೀರಲ್ಲೇ ಅಲ್ವಾ ಬಸ್ಸಾರು ಮಾಡೋದು, ನೀರು ಚೆಲ್ಲಿದ್ಮೇಲೆ ಇನ್ನೇನು ತಿಂತೀಯೆ ಅಂತ ಒಲೆ ಮುಂದೆ ನಿಂತ್ಕೊಂಡು ಅತ್ತುಬಿಟ್ರು. ಇನ್ನೂರು ತೆಂಗಿನಮರ ಇರೋ ತೋಟದಲ್ಲಿ ಕೂತ್ಕೊಂಡು ಐಸ್ ತುಂಡು ಚೀಪ್ತಿದ್ದೆ ನಾನು.

ಡಯಾಲಿಸಿಸ್ ಸೂಜಿ ಚುಚ್ಚೋಕೆ ಅಂತ ಕೈಯಲ್ಲಿ ರಕ್ತನಾಳ ಎರಡು ಸೇರಿಸಿ ಹೊಲೀತಾರೆ, ಅದಕ್ಕೆ ಫಿಸ್ಟುಲಾ ಅಂತಾರೆ, ಅದು ಬಲಿಯೋಕೆ ಆರೆಂಟು ವಾರ ಬೇಕು. ನಂದು ಎಡಗೈಯಲ್ಲಿ ಮಾಡಿದ್ದು 20ನೇ ದಿನಕ್ಕೆ ಮುಚ್ಚಿಹೋಯ್ತು. ಎರಡನೇದು ಮೊಣಕೈ ಹತ್ರ ಮಾಡಿದ್ರು, ಐದು ತಿಂಗಳು ನಡೀತು, ಆಮೇಲೆ ಅದೂ ಹೋಯ್ತು. ಫಿಸ್ಟುಲಾ ನಡೀತಿದ್ರೆ ಅದ್ರ ಮೇಲೆ ಕೈ ಇಟ್ರೆ ಬೆಕ್ಕು ಗುರ್ ಅಂದ ಹಾಗೆ ಒಂದು ಅದುರು ಗೊತ್ತಾಗುತ್ತೆ, ಥ್ರಿಲ್ ಅಂತಾರೆ. ಬೆಳಗ್ಗೆ ಎದ್ದ ತಕ್ಷಣ ದೇವ್ರಿಗೆ ಕೈ ಮುಗಿಯೋಕೂ ಮೊದ್ಲು ಅದನ್ನ ಮುಟ್ಟಿ ನೋಡ್ಕೊಳ್ತಿದ್ದೆ. ಒಂದಿನ ಮುಟ್ಟಿದೆ, ಸುಮ್ನೆ ಮಲಗಿತ್ತು. ಗೊತ್ತಾದ ತಕ್ಷಣ ಹೊರಟಿದ್ರೆ ಕೆಲವೊಮ್ಮೆ ಸರಿಮಾಡೋಕೆ ಆಗುತ್ತಂತೆ, ನಾನು ನಾಳೆ ಹೆಂಗೂ ಡಯಾಲಿಸಿಸ್ ಇದೆಯಲ್ಲ ಅಂತ ಒಂದಿನ ಕಾದೆ. ನೀವು ಕಾಯ್ಬೇಡಿ. ಮತ್ತೆ ಕುತ್ತಿಗೆಗೆ ಕ್ಯಾತಿಟರ್, ಅದಕ್ಕೆ ಇನ್ಫೆಕ್ಷನ್, ಡಯಾಲಿಸಿಸ್ ಹಾಕಿದ ಅರ್ಧ ಗಂಟೆಗೆ ಗಡಗಡ ಚಳಿ ಜ್ವರ, 9 ದಿನ ಅಡ್ಮಿಟ್.

ಟ್ರಾನ್ಸ್‌ಪ್ಲಾಂಟ್ ಯಾಕೆ ಮಾಡಿಸ್ಲಿಲ್ಲ ಅಂತ ಎಲ್ರೂ ಕೇಳ್ತಾರೆ, ಅದಕ್ಕೇ ಹೇಳ್ಬಿಡ್ತೀನಿ. ಅಮ್ಮಂಗೆ ಶುಗರ್. ಯಜಮಾನ್ರದ್ದು ಬಿ ಗ್ರೂಪ್, ನಂದು ಓ. ತಮ್ಮ ತಾನೇ ಬಂದು ಟೆಸ್ಟ್‌ಗೆ ಕೂತ, ಅವನ ಎರಡೂ ಕಿಡ್ನಿಯಲ್ಲಿ ಕಲ್ಲು ಸಿಕ್ತು, ಅವನಿಗೇ ಅದುವರೆಗೂ ಗೊತ್ತಿರ್ಲಿಲ್ಲ. ಹಾಗಾಗಿ ಜೀವಸಾರ್ಥಕತೆಯಲ್ಲಿ, ಅಂದ್ರೆ ತೀರ್ಕೊಂಡವರು ದಾನ ಮಾಡಿದ ಅಂಗ ಹಂಚೋ ನಮ್ಮ ರಾಜ್ಯದ ಸಂಸ್ಥೆಯಲ್ಲಿ, ಹೆಸರು ಬರೆಸಿದೀವಿ. ಅದನ್ನ ನಾವೇ ಹೋಗಿ ಬರೆಸೋ ಹಾಗಿಲ್ಲ, ಟ್ರಾನ್ಸ್‌ಪ್ಲಾಂಟ್ ಮಾಡೋ ಆಸ್ಪತ್ರೆ ಮೂಲಕವೇ ಆಗ್ಬೇಕು. ಆಧಾರ್, ಫೋಟೋ, ಬ್ಲಡ್ ಗ್ರೂಪ್ ರಿಪೋರ್ಟ್, ವೈರಲ್ ಟೆಸ್ಟ್‌ಗಳು, ಹೃದಯದ ಎಕೋ, ಎಲ್ಲದರದ್ದೂ ಎರಡೆರಡು ಜೆರಾಕ್ಸ್ ಒಂದು ಫೈಲಲ್ಲಿ ಹಾಕಿ ರೆಡಿ ಇಟ್ಕೊಂಡಿರಿ, ನಮ್ಗೆ ಬ್ಲಡ್ ಗ್ರೂಪ್ ರಿಪೋರ್ಟ್‌ನಲ್ಲಿ ಇನಿಷಿಯಲ್ ಬೇರೆ, ಆಧಾರಲ್ಲಿ ಬೇರೆ ಅಂತ ಒಂದು ಟ್ರಿಪ್ ದಂಡ ಆಯ್ತು. ಓ ಗ್ರೂಪಿನೋರಿಗೆ ಕಾಯೋದು ಜಾಸ್ತಿ ಅಂತ ಅಲ್ಲಿನ ಕೋಆರ್ಡಿನೇಟರ್ ಮುಚ್ಚುಮರೆ ಇಲ್ದೆ ಹೇಳಿದ್ರು, ಹೇಳಿದ್ದೇ ಒಳ್ಳೇದಾಯ್ತು.

ಈ ಆಸ್ಪತ್ರೆ ವಾಸದ ಟೈಮಲ್ಲೇ ನನ್ ಮೊಬೈಲಿಗೆ ಆ ಫಾರ್ವರ್ಡ್ ಬಂದಿದ್ದು. ನಿಮಗೂ ಬಂದಿರುತ್ತೆ ನೋಡಿ. ಕೈಯಲ್ಲಿ ಹಿಡಿದಿರೋ ಒಂದು ಪುಟ್ಟ ಡಬ್ಬಿ ಫೋಟೋ, ಕೆಳಗೆ "ಭಾರತೀಯ ವಿಜ್ಞಾನಿಯ ಸಾಧನೆ, ಕೃತಕ ಕಿಡ್ನಿ ರೆಡಿ, ಇನ್ನು ಡಯಾಲಿಸಿಸ್ ಬೇಡ, ಎರಡು ವರ್ಷದಲ್ಲಿ ಮಾರುಕಟ್ಟೆಗೆ, ಎಲ್ಲರಿಗೂ ಕಳಿಸಿ ಒಂದು ಜೀವ ಉಳಿಸಿ". ಒಂದೇ ವಾರದಲ್ಲಿ ಐದು ಜನ ಕಳಿಸಿದ್ರು. ಸುಳ್ಳು ಹೇಳೋದ್ಯಾಕೆ, ನಾನು ನಂಬ್ದೆ. ಬರೀ ನಂಬಿದ್ದಲ್ಲ, ಮೂರನೇ ಫಿಸ್ಟುಲಾ ಮಾಡ್ಸೋಣ ಅಂತ ಸರ್ಜನ್ ಹೇಳಿದ್ದನ್ನ ಆ ಡಬ್ಬಿ ಆಸೆಯಲ್ಲೇ ಎರಡು ತಿಂಗಳು ಮುಂದೆ ಹಾಕ್ದೆ. ಕುತ್ತಿಗೇಲಿ ಪೈಪ್ ನೇತಾಡಿಸ್ಕೊಂಡು ಕ್ಲಾಸಲ್ಲಿ ಸೆರಗು ಹೊದ್ಕೊಂಡು ಪಾಠ ಮಾಡ್ತಿದ್ದೆ, ಎರಡು ವರ್ಷ ತಾನೇ ಅಂತ.

ಸೆಂಟರಲ್ಲಿ ಟೆಕ್ನಿಷಿಯನ್ ಹುಡುಗ ಒಬ್ಬ ಇದ್ದ, ಅವನಿಗೆ ಫೋಟೋ ತೋರ್ಸಿದೆ. ಅವನು ನಕ್ಕು ಮಷಿನ್ ಪಕ್ಕ ಸಿಕ್ಕಿಸಿದ್ದ ಡಯಲೈಸರ್ ಅನ್ನೋ ರಕ್ತ ಸೋಸೋ ಕೊಳವೆ ಮೇಲೆ ಬೆರಳಲ್ಲಿ ತಟ್ಟಿ "ಮೇಡಂ, ಕೃತಕ ಕಿಡ್ನಿ ಇದೇ, ನಿಮ್ಮ ಹೆಸರೇ ಬರೆದಿದೆ ನೋಡಿ" ಅಂದ. ಆವತ್ತು ಸಿಟ್ಟು ಬಂತು. ಆಮೇಲೆ ಓದ್ತಾ ಹೋದ್ರೆ ಅವನು ಹೇಳಿದ್ದು ಸರಿ. 1943ರಲ್ಲಿ ಹಾಲೆಂಡಿನ ಕಾಂಪೆನ್ ಅನ್ನೋ ಊರಲ್ಲಿ ವಿಲ್ಲೆಮ್ ಕಾಲ್ಫ್ ಅನ್ನೋ ಡಾಕ್ಟರು, ಜರ್ಮನ್ನರ ಆಕ್ರಮಣದ ಮಧ್ಯೆ, ಸಾಸೇಜಿಗೆ ಸುತ್ತೋ ಸೆಲ್ಲೋಫೇನ್ ಕೊಳವೆಯನ್ನ ಒಂದು ಡ್ರಮ್ಮಿಗೆ ಸುತ್ತಿ ಮಾಡಿದ ಮೊದಲ ಡಯಾಲಿಸಿಸ್ ಮಷಿನ್ನಿಗೆ ಇಟ್ಟ ಹೆಸರೇ ಕೃತಕ ಕಿಡ್ನಿ. ಮೊದಮೊದಲು ಹಾಕಿದ ರೋಗಿಗಳು ಉಳೀಲಿಲ್ಲ, 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಉಳಿದ್ರು. ಅಂದ್ರೆ ಎಂಬತ್ತು ವರ್ಷದಿಂದ ಕೃತಕ ಕಿಡ್ನಿ ಇದೆ, ಅದು ಬೀರು ಸೈಜಲ್ಲಿದೆ, ಒಂದ್ಸಲಕ್ಕೆ ಸುಮಾರು 120 ಲೀಟರ್ ಶುದ್ಧ ನೀರು ಕುಡಿಯುತ್ತೆ ಅಷ್ಟೆ. ನಮ್ಗೆ ಬೇಕಿರೋದು ಸೊಂಟಕ್ಕೆ ಕಟ್ಕೊಳ್ಳೋದೋ ಹೊಟ್ಟೆಯೊಳಗೆ ಕೂರೋದೋ.

ಅದನ್ನೇ ನಮ್ಮ ನೆಫ್ರಾಲಜಿಸ್ಟ್, ಅಂದ್ರೆ ಕಿಡ್ನಿ ಡಾಕ್ಟ್ರ ಹತ್ರ ಕೇಳ್ದೆ. ಬೈತಾರೇನೋ ಅಂದ್ಕೊಂಡಿದ್ದೆ, ಅವರು ಕುರ್ಚಿ ಹಿಂದಕ್ಕೆ ಎಳ್ಕೊಂಡು "ಕೂತ್ಕೊಳಿ ಟೀಚರ್, ಹೇಳ್ತೀನಿ" ಅಂದ್ರು. ಹೊರಗೆ ನಲವತ್ತು ಜನ ಕಾಯ್ತಿದ್ರು, ಆದ್ರೂ ಹತ್ತು ನಿಮಿಷ ಕೊಟ್ರು, ಅದಕ್ಕೆ ನಾನು ಅವರಿಗೆ ಋಣಿ.

ಅವರು ಹೇಳಿದ್ದು, ಆಮೇಲೆ ನಾನು ಓದಿದ್ದು ಎರಡೂ ಸೇರಿಸಿ ಹೇಳ್ತೀನಿ. ಆ ಫೋಟೋದಲ್ಲಿರೋದು ಅಮೆರಿಕದ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸ್ಯಾನ್‌ಫ್ರಾನ್ಸಿಸ್ಕೋ ಕ್ಯಾಂಪಸ್ಸಿನ ಶುವೋ ರಾಯ್, ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿಯ ವಿಲಿಯಂ ಫಿಸೆಲ್ ಇಬ್ರೂ ಸೇರಿ ಮಾಡ್ತಿರೋ ಕೆಲಸ. ರಾಯ್ ಹುಟ್ಟಿದ್ದು ಢಾಕಾದಲ್ಲಿ, ಫಾರ್ವರ್ಡ್ ಮಾಡೋರಿಗೆ ಅದೆಲ್ಲ ಯಾಕೆ. ಡಬ್ಬಿಯಲ್ಲಿ ಎರಡು ಭಾಗ. ಒಂದರಲ್ಲಿ ಸಿಲಿಕಾನ್ ಜರಡಿ, ಕಂಪ್ಯೂಟರ್ ಚಿಪ್ ಮಾಡೋ ವಿದ್ಯೆಯಿಂದಲೇ ಕಣ್ಣಿಗೆ ಕಾಣದ ತೂತು ಕೊರೆದಿರ್ತಾರೆ, ಹೃದಯದ ಒತ್ತಡಕ್ಕೇ ರಕ್ತ ಅದ್ರಲ್ಲಿ ಹಾದುಹೋಗಿ ಸೋಸುತ್ತೆ, ಪಂಪೂ ಬೇಡ ಬ್ಯಾಟರಿನೂ ಬೇಡ. ಇನ್ನೊಂದರಲ್ಲಿ ಜೀವಂತ ಕಿಡ್ನಿ ಕೋಶಗಳು, ಸೋಸಿದ್ದರಲ್ಲಿ ದೇಹಕ್ಕೆ ಬೇಕಾದ ನೀರು ಉಪ್ಪು ವಾಪಸ್ ಎಳ್ಕೊಳ್ಳೋ ಕೆಲಸ ಅವುಗಳದ್ದು. ನಮ್ಮ ಕಿಡ್ನಿ ದಿನಕ್ಕೆ 180 ಲೀಟರ್ ಸೋಸಿ ಅದ್ರಲ್ಲಿ ಹೆಚ್ಚುಕಮ್ಮಿ ಎಲ್ಲಾನೂ ವಾಪಸ್ ತಗೊಳ್ಳುತ್ತಂತೆ, ಬರೀ ಜರಡಿ ಸಾಕಾಗಲ್ಲ ಅನ್ನೋದು ಇದಕ್ಕೇ. 2021ರಲ್ಲಿ ಇವರಿಗೆ ಆರೂವರೆ ಲಕ್ಷ ಡಾಲರ್ ಬಹುಮಾನ ಬಂತು, 2023ರಲ್ಲಿ ಆ ಕೋಶಗಳ ಭಾಗವನ್ನ ಹಂದಿಗಳಿಗೆ ಹಾಕಿ 7 ದಿನ ಕೆಲಸ ಮಾಡ್ಸಿದಾರೆ. ಹಂದಿಗೆ, ಏಳು ದಿನ. "ಒಳ್ಳೆ ಕೆಲಸನೇ, ನಾನೂ ಕಾಯ್ತಿದೀನಿ, ಆದ್ರೆ ಅದಕ್ಕೋಸ್ಕರ ನೀವು ಫಿಸ್ಟುಲಾ ನಿಲ್ಸೋದು ಅಂದ್ರೆ ಮುಂದಿನ ವರ್ಷ ಬರೋ ಮಳೆ ನಂಬ್ಕೊಂಡು ಈ ವರ್ಷದ ಕೊಳವೆಬಾವಿ ಮುಚ್ಚಿದ ಹಾಗೆ" ಅಂದ್ರು ಡಾಕ್ಟ್ರು.

ಸೊಂಟಕ್ಕೆ ಕಟ್ಟೋದು ಇದೆಯಲ್ಲ ಅಂದೆ, ಅದೂ ಓದ್ಕೊಂಡೇ ಹೋಗಿದ್ದೆ. ವಿಕ್ಟರ್ ಗುರಾ ಅನ್ನೋರು ಮಾಡಿದ ಬೆಲ್ಟು, ಐದು ಕೆಜಿ ಆಸುಪಾಸು. ಸಿಯಾಟಲ್‌ನಲ್ಲಿ 7 ಜನಕ್ಕೆ ಹಾಕಿ 24 ಗಂಟೆ ಪರೀಕ್ಷೆ ಅಂತ ಶುರು ಮಾಡಿದ್ರು, ಆ ಜನ ಕಟ್ಕೊಂಡು ಓಡಾಡಿದ್ರು, ಪಥ್ಯ ಇಲ್ದೆ ಊಟ ಮಾಡಿದ್ರು, ಆದ್ರೆ ದ್ರವದಲ್ಲಿ ಗಾಳಿಗುಳ್ಳೆ ಬಂದು, ಹರಿವು ಏರುಪೇರಾಗಿ ಪರೀಕ್ಷೆ ನಿಲ್ಸಬೇಕಾಯ್ತು, 2016ರಲ್ಲಿ ಅದರ ವರದಿ ಪ್ರಕಟ ಆಯ್ತು. ಹಂದಿ ಕಿಡ್ನಿ ಬಗ್ಗೆನೂ ಕೇಳ್ದೆ, 2024ರ ಮಾರ್ಚಲ್ಲಿ ಬಾಸ್ಟನ್‌ನಲ್ಲಿ ಒಬ್ರಿಗೆ ಹಾಕಿದ್ರಲ್ಲ, ಅವರು ಎರಡು ತಿಂಗಳಿಗೆ ತೀರ್ಕೊಂಡ್ರು, ಕಿಡ್ನಿಯಿಂದಲೇ ಅಂತ ಅಲ್ಲ ಅಂದಿದ್ರು ಆ ಆಸ್ಪತ್ರೆಯೋರು. ಆಮೇಲೆ ಬೇರೆಯವರಿಗೂ ಹಾಕಿದಾರೆ.

ಕೊನೆಗೆ ಸಿಂಗಾಪುರದ್ದು ಒಂದು ಕೇಳ್ದೆ, ಅವಾಕ್ ಅಂತ, ಕೈಚೀಲದ ಥರ ಹಿಡ್ಕೊಂಡು ಹೋಗೋ ಮಷಿನ್, 15 ಜನ ರೋಗಿಗಳ ಮೇಲೆ ನೋಡಿದಾರೆ. ಆಗ ಡಾಕ್ಟ್ರು ಮುಖದಲ್ಲಿ ಸ್ವಲ್ಪ ನಗು ಬಂತು. "ಅದು ಸೋಸೋದು ರಕ್ತನ ಅಲ್ಲ ಟೀಚರ್, ಹೊಟ್ಟೆಯೊಳಗೆ ಬಿಟ್ಟ ನೀರನ್ನ. ಜರಡಿ ಕೆಲಸ ಅದರಲ್ಲೂ ಹೊಟ್ಟೆಯ ಪೊರೆಯದ್ದೇ. ಆ ಪೊರೆ ನಿಮ್ಮ ಹತ್ರ ಇದೆ. ಮಷಿನ್ ಇಲ್ದೆ ಕೈಯಲ್ಲೇ ಮಾಡ್ಬಹುದು, ಸಿಎಪಿಡಿ ಅಂತಾರೆ. ಯಾರೂ ಹೇಳಿಲ್ವಾ?"

ಹೇಳಿರ್ಲಿಲ್ಲ. 11 ತಿಂಗಳು ಡಯಾಲಿಸಿಸ್ ಆಗಿತ್ತು, ಎರಡು ಸೆಂಟರ್ ನೋಡಿದ್ದೆ, ಒಬ್ರೂ ಹೇಳಿರ್ಲಿಲ್ಲ. 1970ರ ದಶಕದಿಂದ ಇರೋ ಪದ್ಧತಿ ಅದು. ಈಗ್ಲೂ ನಂಗೆ ಅದೊಂದು ಸಿಟ್ಟು ಹೋಗಿಲ್ಲ.

ವಿಷಯ ಇಷ್ಟೇ. ಹೊಟ್ಟೆಯೊಳಗೆ ಕರುಳಿನ ಸುತ್ತ ಪೆರಿಟೋನಿಯಂ ಅಂತ ತೆಳು ಪೊರೆ ಇದೆ. ಹೊಕ್ಕಳ ಪಕ್ಕ ಮೆತ್ತನೆ ಸಿಲಿಕೋನ್ ಪೈಪ್ ಹಾಕ್ತಾರೆ. ಅದ್ರ ಮೂಲಕ 2 ಲೀಟರ್ ಸಕ್ಕರೆ ಅಂಶ ಇರೋ ದ್ರವ ಒಳಗೆ ಬಿಟ್ಕೊಂಡು ಪೈಪ್ ಮುಚ್ಚಿ ನಮ್ಮ ಪಾಡಿಗೆ ನಾವು ಕೆಲ್ಸ ಮಾಡ್ತಿರೋದು, ಐದಾರು ಗಂಟೆಯಲ್ಲಿ ರಕ್ತದ ಕಸ, ಜಾಸ್ತಿ ನೀರು ಎಲ್ಲ ಪೊರೆ ದಾಟಿ ಆ ದ್ರವಕ್ಕೆ ಬಂದಿರುತ್ತೆ, ಆಮೇಲೆ ಅದನ್ನ ಬಿಟ್ಟು ಹೊಸದು ತುಂಬ್ಕೊಳ್ಳೋದು. ನಂಗೆ ದಿನಕ್ಕೆ 3 ಸಲ, ಇನ್ನೂ ಸ್ವಲ್ಪ ಮೂತ್ರ ಬರ್ತಿರೋದ್ರಿಂದ. ಕೆಲವರಿಗೆ 4 ಬೇಕಾಗುತ್ತೆ. ಹೊಟ್ಟೆಗೆ ಮೊದ್ಲೇ ದೊಡ್ಡ ಆಪರೇಷನ್ ಆಗಿದ್ರೆ, ಹರ್ನಿಯಾ ಇದ್ರೆ ಕಷ್ಟ ಆಗ್ಬಹುದು, ನನ್ನ ಸಿಸೇರಿಯನ್ ಬಗ್ಗೆನೂ ಎರಡೆರಡು ಸಲ ಕೇಳಿದ್ರು.

ಮನೇಲಿ ಒಪ್ಪಿಸೋಕೆ ಮೂರು ವಾರ ಹಿಡೀತು. ಯಜಮಾನ್ರಿಗೆ ಭಯ, ಮಷಿನ್ನಾದ್ರೆ ಡಾಕ್ಟ್ರಿರ್ತಾರೆ, ಮನೇಲಿ ಏನಾದ್ರೂ ಆದ್ರೆ ಅಂತ. ಅತ್ತೆಗೆ ಹೊಟ್ಟೆಗೆ ತೂತು ಅನ್ನೋ ಮಾತೇ ಆಗ್ತಿರ್ಲಿಲ್ಲ. ಮಗಳು ಒಂಬತ್ತನೇ ಕ್ಲಾಸು, ಅವಳು ಮಾತ್ರ "ಬೆಳಗ್ಗೆ ನೀನು ಮನೇಲಿರ್ತೀಯಾ ತಾನೇ?" ಅಂದ್ಲು. ನಾನು ವಾರಕ್ಕೆ ಮೂರು ದಿನ ಅವಳು ಏಳೋಕೆ ಮುಂಚೆ ಮನೆ ಬಿಡ್ತಿದ್ದೆ, ಅವಳೇ ಜಡೆ ಹಾಕ್ಕೊಂಡು ಹೋಗ್ತಿದ್ಲು.

ಆಪರೇಷನ್ ಮುಕ್ಕಾಲು ಗಂಟೆ, ಎರಡು ದಿನ ಆಸ್ಪತ್ರೆ, ಪೈಪ್ ಎಲ್ಲ ಸೇರಿ 46,000 ಆಯ್ತು. ಹಾಕಿದ ತಕ್ಷಣ ಶುರು ಮಾಡಲ್ಲ, ಗಾಯ ಮಾಯಬೇಕು, ಎರಡು ವಾರ ಮಷಿನ್ನಲ್ಲೇ ನಡೆಸಿದ್ರು. ಸೀರೆ ಕಟ್ಟೋ ಜಾಗ, ಪೈಪ್ ಹೊರಬರೋ ಜಾಗ ಎರಡೂ ಒಂದೇ ಆಗದೆ ಇರ್ಲಿ ಅಂತ ಮೊದ್ಲೇ ಸರ್ಜನ್‌ಗೆ ಹೇಳಿ, ಕೂತು ನಿಂತು ತೋರ್ಸಿ ಗುರುತು ಹಾಕಿಸ್ಕೊಳ್ಳಿ. ನಂಗೆ ಇದನ್ನ ಹೇಳಿದ್ದು ಪಕ್ಕದ ಬೆಡ್ಡಿನ ಅಜ್ಜಿ, ಅವರಿಗೆ ಲಂಗದ ಲಾಡಿ ಉಜ್ಜಿ ಉಜ್ಜಿ ಹುಣ್ಣಾಗಿತ್ತು.

ಆಮೇಲೆ ಟ್ರೇನಿಂಗ್, 4 ದಿನ. ಈ ಹೊಟ್ಟೆ ಡಯಾಲಿಸಿಸ್ (ಪಿಡಿ) ಕಲಿಸೋ ಸಿಸ್ಟರ್ ಒಬ್ರು ಕೈ ತೊಳಿಯೋದ್ರಿಂದ ಶುರು ಮಾಡಿದ್ರು. ಫ್ಯಾನ್ ಆಫ್, ಕಿಟಕಿ ಬಾಗಿಲು ಮುಚ್ಚಿ, ಮಾಸ್ಕ್ ಹಾಕಿ, ಸೋಪಲ್ಲಿ ಕೈ ತೊಳೆದು ಒರೆಸಿ, ಆಮೇಲೆ ಪೈಪಿನ ಕ್ಯಾಪ್ ಬಿಚ್ಚಬೇಕು. ಬಿಚ್ಚಿದ ತುದಿ ಯಾವ್ದಕ್ಕೂ ತಾಗ್ಬಾರ್ದು, ತಾಗಿದ್ರೆ ಒರೆಸಿ ಹಾಕೋ ಹಾಗಿಲ್ಲ, ಪೈಪ್ ಕ್ಲಾಂಪ್ ಮಾಡಿ ಫೋನ್ ಮಾಡಿ ಅಂದ್ರು. ಮೊದಲು ಹಳೇದು ಕೆಳಗಿನ ಖಾಲಿ ಬ್ಯಾಗಿಗೆ ಇಳಿಸಿ, ಲೈನ್ ಒಂದ್ಸಲ ಹೊಸ ದ್ರವದಲ್ಲಿ ತೊಳೆದು, ಆಮೇಲೆ ತುಂಬೋದು. ಒಟ್ಟು ಅರ್ಧ ಗಂಟೆ. ಮೊದಲ ದಿನ ನನ್ನ ಕೈ ನಡುಗಿ ಕ್ಯಾಪ್ ಕೆಳಗೆ ಬಿತ್ತು, ಸಿಸ್ಟರ್ "ಪರವಾಗಿಲ್ಲಕ್ಕ, ಇಲ್ಲಿ ಬೀಳ್ಲಿ, ಮನೇಲಿ ಬೀಳ್ದಿದ್ರೆ ಸಾಕು" ಅಂತ ಹೊಸದು ಕೊಟ್ರು. ಮನೆಯಿಂದ ಇನ್ನೊಬ್ರನ್ನೂ ಟ್ರೇನಿಂಗ್‌ಗೆ ಕರ್ಕೊಂಡು ಹೋಗಿ, ನಿಮಗೆ ಜ್ವರ ಬಂದ ದಿನ ಅವರೇ ಮಾಡ್ಬೇಕಾಗುತ್ತೆ.

ಮನೇಲಿ ಕೊಬ್ಬರಿ ಅಟ್ಟದ ಕೆಳಗಿನ ಕೋಣೆ ಖಾಲಿ ಮಾಡಿ, ಸುಣ್ಣ ಹೊಡೆಸಿ, ವಾಷ್ ಬೇಸಿನ್ ಹಾಕಿಸಿದ್ವಿ, 18,000 ಅದಕ್ಕೇ ಹೋಯ್ತು. ಬ್ಯಾಗ್‌ಗಳು ತಿಂಗಳಿಗೆ ಒಂದ್ಸಲ ರಟ್ಟಿನ ಡಬ್ಬದಲ್ಲಿ ಬರುತ್ತೆ, 90 ಬ್ಯಾಗು ಅಂದ್ರೆ 180 ಕೆಜಿಗೂ ಜಾಸ್ತಿ. ಗಾಡಿಯೋನು ಮೇನ್ ರೋಡಲ್ಲೇ ಇಳಿಸಿ ಹೋದ, ಯಜಮಾನ್ರು ಕೊಬ್ಬರಿ ಚೀಲ ಹೊತ್ತ ಹಾಗೆ ಹೊತ್ತು ತಂದ್ರು. ಎರಡನೇ ವಾರಕ್ಕೆ ಇಲಿ. ಎರಡು ಡಬ್ಬ ಕಚ್ಚಿ ಮೂರು ಬ್ಯಾಗ್ ತೂತು ಮಾಡಿತ್ತು, ಸಿಹಿ ನೀರಲ್ವಾ, ಇರುವೆ ಬೇರೆ ಸಾಲು. ತೆಂಗಿನ ಮನೇಲಿ ಇಲಿ ಇರುತ್ತೆ ಅಂತ ಗೊತ್ತಿದ್ದೂ ನೆಲದ ಮೇಲೆ ಇಟ್ಟಿದ್ದು ನಮ್ಮ ತಪ್ಪು. ಈಗ ಕಬ್ಬಿಣದ ಟ್ರಂಕಲ್ಲಿ ಇಡ್ತೀವಿ. ಕಣ್ಣಿಗೆ ಕಾಣದ ತೂತೂ ಇರ್ಬಹುದು, ಹಾಕ್ಕೊಳ್ಳೋ ಮುಂಚೆ ಬ್ಯಾಗ್ ಗಟ್ಟಿಯಾಗಿ ಅಮುಕಿ ನೋಡಿ.

ಇಳಿದ ಬ್ಯಾಗ್ ತೂಗಿ ಬರೀಬೇಕು, 2 ಲೀಟರ್ ಒಳಗೆ ಹೋಗಿ 2,300 ಹೊರಗೆ ಬಂದ್ರೆ 300 ನೀರು ದೇಹದಿಂದ ಹೋಯ್ತು ಅಂತ. ಇದಕ್ಕೆ ಅಂಗಡೀಲಿ ಹೊಸ ತಕ್ಕಡಿ ತರ್ಬೇಕಾಗ್ಲಿಲ್ಲ, ಯಜಮಾನ್ರ ಕೊಕ್ಕೆ ತಕ್ಕಡಿ ಇತ್ತು.

ಮೂರನೇ ದಿನ ತುಂಬಿದ್ದು 2 ಲೀಟರ್, ಇಳಿದಿದ್ದು 600 ಎಂಎಲ್. ಎದ್ದು ಕೂತೆ, ಮಗ್ಗುಲಾದೆ, ನಡೆದೆ, ಇಳೀಲಿಲ್ಲ. ಪೈಪ್ ಒಳಗೆ ಜಾರಿದೆ, ಮತ್ತೆ ಆಪರೇಷನ್ ಅಂತ ನಾನು ಅಳೋಕೆ ಶುರು ಮಾಡ್ದೆ. ಸಿಸ್ಟರ್ ಫೋನಲ್ಲಿ ಕೇಳಿದ ಮೊದಲ ಪ್ರಶ್ನೆ "ಅಕ್ಕ, ಟಾಯ್ಲೆಟ್‌ಗೆ ಹೋಗಿ ಎಷ್ಟು ದಿನ ಆಯ್ತು?" ನಾಲ್ಕು ದಿನ ಆಗಿತ್ತು. ಕರುಳು ತುಂಬಿದ್ರೆ ಪೈಪನ್ನ ಒತ್ತುತ್ತಂತೆ. ಎಕ್ಸ್‌ರೇ ತೆಗೆಸಿ, ಸಿರಪ್ ಕುಡಿದು, ಮಾರನೇ ದಿನ ಎಲ್ಲಾ ಸರಿಹೋಯ್ತು, ಎರಡೂ ಕಡೆ. ಇದನ್ನ ಬರಿಯೋಕೆ ನಾಚಿಕೆ ಆಗ್ಬೇಕಿತ್ತು, ಆದ್ರೆ ಇದೊಂದು ಗೊತ್ತಿದ್ರೆ ನಿಮಗೆ ಒಂದು ರಾತ್ರಿಯ ಅಳು ಉಳಿಯುತ್ತೆ.

ಹೆಂಗಸರಿಗೆ ಇನ್ನೊಂದು. ಮುಟ್ಟಿನ ಹೊತ್ತಿಗೆ ಇಳಿದ ದ್ರವ ನಸುಗೆಂಪಾಗಿ ಬಂತು. ಜೀವ ಬಾಯಿಗೆ ಬಂತು ನಂಗೆ. ಆ ಟೈಮಲ್ಲಿ ಹಂಗೆ ಆಗೋದುಂಟು ಅಂತ ಟ್ರೇನಿಂಗಲ್ಲಿ ಯಾರೂ ಹೇಳಿರ್ಲಿಲ್ಲ, ಫೋನ್ ಮಾಡಿದ್ಮೇಲೆ "ಓ ಹೌದು" ಅಂದ್ರು. ಎರಡು ಬ್ಯಾಗ್ ಆದ್ಮೇಲೆ ತಿಳಿಯಾಯ್ತು. ಆದ್ರೂ ಕೆಂಪು ಕಂಡ್ರೆ ಒಂದ್ಸಲ ಕೇಳಿಯೇ ಬಿಡಿ.

ನಿಜವಾಗಿ ಹೆದರಬೇಕಾಗಿರೋದು ಮೋಡ ಕವಿದ ಹಾಗೆ ಬರೋ ದ್ರವಕ್ಕೆ. ಇಳಿದ ಬ್ಯಾಗ್ ಕೆಳಗೆ ಕ್ಯಾಲೆಂಡರ್ ಹಾಳೆ ಇಟ್ಟು ನೋಡಿ, ಅಕ್ಷರ ಓದೋಕಾದ್ರೆ ಸರಿ. ನಾಲ್ಕನೇ ತಿಂಗಳು ಒಂದು ಬೆಳಗ್ಗೆ ನಂಗೆ ತಿಥಿ ಇರ್ಲಿ, ತಾರೀಖೇ ಸರಿಯಾಗಿ ಕಾಣ್ಲಿಲ್ಲ, ಹೊಟ್ಟೇಲಿ ಸಣ್ಣಗೆ ನೋವು. ಹಿಂದಿನ ದಿನ ಕರೆಂಟ್ ಹೋಗಿತ್ತು, ಟಾರ್ಚ್ ಬೆಳಕಲ್ಲಿ ಮಾಡಿದ್ದೆ, ಎಲ್ಲೋ ತಾಗಿರ್ಬೇಕು. ಪೆರಿಟೊನೈಟಿಸ್, ಅಂದ್ರೆ ಆ ಪೊರೆಗೆ ಇನ್ಫೆಕ್ಷನ್. ಆ ಬ್ಯಾಗ್ ಚೆಲ್ಲದೆ ಹಂಗೇ ತಗೊಂಡು ಆಸ್ಪತ್ರೆಗೆ ಹೋದ್ವಿ, ಟೆಸ್ಟ್‌ಗೆ ಅದೇ ಬೇಕು, ದಯವಿಟ್ಟು ಚೆಲ್ಬೇಡಿ. ಆಂಟಿಬಯಾಟಿಕ್ಕನ್ನ ಆ ದ್ರವಕ್ಕೇ ಸೇರಿಸಿ ಹೊಟ್ಟೆಯೊಳಗೆ ಬಿಟ್ರು, ಒಟ್ಟು ಎರಡು ವಾರ, 31,000 ಖರ್ಚು. ಪದೇ ಪದೇ ಆದ್ರೆ ಪೊರೆ ಹಾಳಾಗುತ್ತೆ, ಪೈಪ್ ತೆಗೀಬೇಕಾಗುತ್ತೆ. ಮನೆಗೆ ಬಂದ ದಿನಾನೇ ಚಾರ್ಜಿಂಗ್ ಲೈಟ್ ತಗೊಂಡ್ವಿ.

ದುಡ್ಡಿನ ಲೆಕ್ಕ. ಬ್ಯಾಗ್, ಕ್ಯಾಪ್ ಎಲ್ಲ ಸೇರಿ ನಂಗೆ ತಿಂಗಳಿಗೆ 28,000 ಚಿಲ್ಲರೆ, ರಕ್ತ ಹೆಚ್ಚಿಸೋ ಇಂಜೆಕ್ಷನ್ನು ಮಾತ್ರೆ ಬೇರೆ. ಮಷಿನ್ ಡಯಾಲಿಸಿಸ್ಸಿಗೆ ತಿಂಗಳಿಗೆ 18,000 ಆಗ್ತಿತ್ತು, ಅದನ್ನ ಪಾಲಿಸಿ ಕೊಡ್ತಿತ್ತು, ಇದನ್ನ ಕೊಡಲ್ಲ ಅಂತಾರೆ! ಆಪರೇಷನ್ ದುಡ್ಡು ಕೊಟ್ರು. ಬ್ಯಾಗಿನ ಬಿಲ್ಲಿಗೆ "ಆಸ್ಪತ್ರೆಯಲ್ಲಿ ದಾಖಲಾಗಿಲ್ಲ" ಅಂತ ವಾಪಸ್ ಕಳಿಸಿದ್ರು. ದಾಖಲಾಗ್ಬಾರ್ದು ಅಂತ ತಾನೇ ಇದನ್ನ ಮಾಡಿಸ್ಕೊಂಡಿದ್ದು. ಡಾಕ್ಟ್ರ ಹತ್ರ, ಇವರಿಗೆ ಫಿಸ್ಟುಲಾ ಎರಡು ಸಲ ವಿಫಲ ಆಗಿದೆ, ಇದು ಡಯಾಲಿಸಿಸ್ಸೇ, ಬೇರೆ ದಾರಿ ಇಲ್ಲ ಅಂತ ಪತ್ರ ಬರೆಸಿ ಕಳಿಸಿದ್ವಿ, ಮತ್ತೂ ಇಲ್ಲ ಅಂದ್ರು. ನೀವು ಸಿಎಪಿಡಿಗೆ ಹೋಗೋ ಮುಂಚೆನೇ ಕಂಪನಿಗೆ ಇಮೇಲ್ ಹಾಕಿ ಬರವಣಿಗೆಯಲ್ಲಿ ಉತ್ತರ ತಗೊಳ್ಳಿ, ಫೋನಲ್ಲಿ ಹೌದು ಅಂದಿದ್ದು ಲೆಕ್ಕಕ್ಕಿಲ್ಲ. ನಾವು ಎರಡು ಎಲ್ಐಸಿ ಬಾಂಡ್ ಮೇಲೆ ಸಾಲ ತೆಗೆದ್ವಿ. ಬಸ್ ಖರ್ಚು, ಯಜಮಾನ್ರ ದಿನದ ವ್ಯಾಪಾರ, ನನ್ನ ಸಂಬಳ ಕಟ್ ಆಗ್ತಿದ್ದಿದ್ದು ಇದೆಲ್ಲ ಉಳಿದಿದ್ದು ಲೆಕ್ಕ ಹಾಕಿದ್ರೆ ಅಂತರ ಸ್ವಲ್ಪ ಕಮ್ಮಿ ಆಗುತ್ತೆ, ಇಲ್ಲ ಅಂತ ಅಲ್ಲ. ಇನ್ಕಮ್ ಟ್ಯಾಕ್ಸ್ ಕಟ್ಟೋರು ಹಳೇ ರೆಜಿಮ್‌ನಲ್ಲಿದ್ರೆ ಇಂಥ ಕಾಯಿಲೆ ಖರ್ಚಿಗೆ ವಿನಾಯಿತಿ ಇದೆ, 1961ರ ಕಾಯ್ದೆಯಲ್ಲಿ ಅದು 80ಡಿಡಿಬಿ, 60 ದಾಟದೋರಿಗೆ 40,000ದವರೆಗೆ, ಸ್ಪೆಷಲಿಸ್ಟ್ ಕೊಟ್ಟ ಪ್ರಿಸ್ಕ್ರಿಪ್ಷನ್ ಇಟ್ಕೊಂಡಿರಿ.

ಊಟ ಈಗ ತಲೆಕೆಳಗು. ಈ ದ್ರವದಲ್ಲಿ ಪ್ರೋಟೀನ್ ಕೊಚ್ಚಿ ಹೋಗುತ್ತೆ, ಹಾಗಾಗಿ ದಿನಕ್ಕೆ ಮೊಟ್ಟೆ ಬಿಳಿ ತಿನ್ನಿ ಅಂದ್ರು. ನಮ್ಮನೇಲಿ ಮೊಟ್ಟೆ ಹೊಸ್ತಿಲು ದಾಟಿದ್ದೇ ಇಲ್ಲ. ಪನೀರು, ಕಾಳು, ಸೋಯಾ ಅಂತ ಎರಡು ತಿಂಗಳು ಒದ್ದಾಡಿದೆ, ರಕ್ತದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಏರ್ಲಿಲ್ಲ. ಒಂದಿನ ಅತ್ತೆನೇ ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟು ಮೊಟ್ಟೆ ಬೇಯಿಸಿ, ಮುಖ ಆ ಕಡೆ ತಿರುಗಿಸ್ಕೊಂಡು ತಟ್ಟೆ ನನ್ನ ಕಡೆ ತಳ್ಳಿದ್ರು. ಸಿಪ್ಪೆ ಸಮೇತ ಹಳದಿ ಭಾಗ ನಾಯಿಗೆ. ಪೊಟ್ಯಾಶಿಯಂ ರಿಪೋರ್ಟ್ ಎರಡನೇ ತಿಂಗಳಿಗೇ 3.3ಕ್ಕೆ ಇಳಿದಿತ್ತು, ಡಾಕ್ಟ್ರು ನೋಡಿ "ಯಾವೂರು ಅಂದ್ರಿ? ಹಂಗಾದ್ರೆ ಅರ್ಧ ಎಳನೀರು ಕುಡೀರಿ, ಟೆಸ್ಟ್ ಮಾಡಿಸ್ತಾ ಇರಿ" ಅಂದ್ರು. ಯಜಮಾನ್ರು ಅವತ್ತು ಸಂಜೆ ಒಂದು ಗೊನೆ ಇಳಿಸಿದಾರೆ, ಅರ್ಧ ಎಳನೀರಿಗೆ! ಬಸ್ಸಾರೂ ವಾಪಸ್ ಬಂತು, ಉಪ್ಪು ಕಮ್ಮಿ.

ಈಗ ದಿನಚರಿ ಹಿಂಗೆ. ಬೆಳಗ್ಗೆ ಐದೂವರೆಗೆ ಒಂದು, ಸ್ಕೂಲ್ ಮುಗಿಸಿ ನಾಲ್ಕಕ್ಕೆ ಒಂದು, ರಾತ್ರಿ ಹತ್ತಕ್ಕೆ ಒಂದು. ಬೇಜಾರಾಗಲ್ವಾ ಅಂದ್ರೆ ಆಗುತ್ತೆ, ಭಾನುವಾರ ಇಲ್ಲ, ಹಬ್ಬ ಇಲ್ಲ, ಒಂದು ದಿನ ಬಿಡೋ ಹಾಗಿಲ್ಲ. ಎರಡು ಲೀಟರ್ ಹೊಟ್ಟೇಲಿಟ್ಕೊಂಡು ಸೊಂಟ ನೋವು, ಕನ್ನಡಿ ಮುಂದೆ ನಿಂತ್ರೆ ಐದು ತಿಂಗಳ ಬಸುರಿ ಥರ ಕಾಣ್ತೀನಿ, ಸಕ್ಕರೆ ಅಂಶಕ್ಕೆ 4 ಕೆಜಿ ಏರಿದೀನಿ. ಈ ಪೊರೆನೂ ವರ್ಷಾನುಗಟ್ಟಲೆ ಹಿಂಗೇ ಸೋಸಲ್ಲ, ನಿಧಾನಕ್ಕೆ ಸೋಲುತ್ತೆ, ಅದಕ್ಕೇ ಜೀವಸಾರ್ಥಕತೆ ಲಿಸ್ಟಲ್ಲಿ ಹೆಸರು ಹಂಗೇ ಇದೆ. ಆದ್ರೆ ಡಯಾಲಿಸಿಸ್ ಆದ ದಿನದ ಆ ಸತ್ತಂಥ ಸುಸ್ತು ಇಲ್ಲ. ಹೋದ ತಿಂಗಳು ಅಣ್ಣನ ಮಗನ ಮದುವೆಗೆ ಹುಬ್ಬಳ್ಳಿಗೆ ಹೋಗಿದ್ದೆ, ಡಿಕ್ಕೀಲಿ ಏಳು ಬ್ಯಾಗು, ಕಲ್ಯಾಣ ಮಂಟಪದ ಉಗ್ರಾಣದಲ್ಲಿ ಒಂದು ಮೂಲೆ ಡೆಟಾಲಲ್ಲಿ ಒರೆಸಿ, ಕಿಟಕಿ ಸರಳಿಗೆ ಬ್ಯಾಗ್ ನೇತುಹಾಕಿ ಮಾಡ್ಕೊಂಡೆ. ಹೊರಗೆ ವಾಲಗ, ಒಳಗೆ ನಾನು ಮಾಸ್ಕ್ ಹಾಕ್ಕೊಂಡು. ಬೇರೆ ಊರಿಗೆ ಹೋಗೋರು ಲೆಕ್ಕಕ್ಕಿಂತ ಎರಡು ಬ್ಯಾಗ್, ನಾಲ್ಕು ಕ್ಯಾಪ್ ಜಾಸ್ತಿ ಇಟ್ಕೊಳ್ಳಿ, ಒಂದು ಎಸ್ ಆಕಾರದ ಕೊಕ್ಕೆನೂ, ಎಲ್ಲಾ ಕಿಟಕಿಗೂ ಸರಳಿರಲ್ಲ.

ಅದೇ ಮದುವೇಲಿ ಒಬ್ರು ದೂರದ ಸಂಬಂಧಿ ನನ್ನ ಪಕ್ಕ ಕೂತು ಮೊಬೈಲ್ ತೆಗೆದು "ಇದನ್ನ ನೋಡಮ್ಮ, ಕೃತಕ ಕಿಡ್ನಿ ಬಂದಿದೆಯಂತೆ" ಅಂದ್ರು. ಅದೇ ಡಬ್ಬಿ, ಅದೇ ಎರಡು ವರ್ಷ. ನೋಡ್ದೆ, ಕಳಿಸಿ ಅಂದೆ.

ಇನ್ಶೂರೆನ್ಸ್ ಕಂಪನಿಯ ದೂರು ವಿಭಾಗ ಎರಡನೇ ಸಲ ಇಲ್ಲ ಅಂದ್ಮೇಲೆ ಇನ್ಶೂರೆನ್ಸ್ ದೂರು ಕೇಳಿ ತೀರ್ಮಾನ ಮಾಡೋ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಅರ್ಜಿ ಹಾಕಿದೀವಿ. ಅದಕ್ಕೆ ಫೀಸಿಲ್ಲ, ಲಾಯರ್ ಬೇಡ, ಆದ್ರೆ ಮೊದ್ಲು ಕಂಪನಿಗೆ ದೂರು ಕೊಟ್ಟಿರ್ಬೇಕು, ಅವರು ಇಲ್ಲ ಅಂದ ಒಂದು ವರ್ಷದೊಳಗೆ ಹಾಕ್ಬೇಕು. ಹಿಯರಿಂಗ್ ಡೇಟ್ ಇನ್ನೂ ಬಂದಿಲ್ಲ, ಬಂದು ಏನಾಯ್ತು ಅಂತ ಗೊತ್ತಾದ್ರೆ ಬರೀತೀನಿ. ಬರೋ ಗುರುವಾರ ಪೈಪಿನ ತುದಿಯ ಟ್ರಾನ್ಸ್‌ಫರ್ ಸೆಟ್ ಬದಲಾಯಿಸಬೇಕು, ಆರು ತಿಂಗಳಿಗೊಮ್ಮೆ ಅದು, ಅವತ್ತು ಸ್ಕೂಲಿಗೆ ರಜಾ ಹಾಕಿದೀನಿ.